ಗ್ರಾಹಕರ ಕೋರಿಕೆಯ ಮೇರೆಗೆ

ಮಂಗಳವಾರ ಬೆಳಿಗ್ಗೆ ಹತ್ತೂಮುಕ್ಕಾಲು ಆಯಿತೆಂದರೆ ಬೈಂಡಿಂಗ್ ಅಕ್ಕನ ಅಂಗಡಿಯಲ್ಲಿ ಕೆಲಸ ನಿಂತಿತೆಂದೇ ಅರ್ಥ. ಕೈಯಲ್ಲಿ ಅರ್ಧ ಹೊಲಿದ ರಿಜಿಸ್ಟರ್ ಇರಲಿ, ಅಂಟು ಹಚ್ಚಿದ ರಟ್ಟು ಇರಲಿ, ಎಲ್ಲವನ್ನೂ ಒತ್ತುಯಂತ್ರದ ಕೆಳಗೆ ತುರುಕಿ, ತಿರುಪು ಬಿಗಿದು, ಕೈ ತೊಳೆದುಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದಳು. ಪಕ್ಕದ ಕಪಾಟಿನ ಮೇಲೆ ಬೂದು ಬಣ್ಣದ ಹಳೆಯ ಲ್ಯಾಂಡ್‌ಲೈನ್ ಫೋನು. ಆ ಹೊತ್ತಿನಲ್ಲಿ ಗಿರಾಕಿ ಬಾಗಿಲಲ್ಲಿ ನಿಂತು ಕೆಮ್ಮಿದರೂ ಅಷ್ಟೇ, ಕೂಗಿದರೂ ಅಷ್ಟೇ. "ಹನ್ನೊಂದೂಕಾಲಿಗೆ ಬನ್ನಿ" ಅನ್ನುವುದು ಬಿಟ್ಟರೆ ಅವಳ ಬಾಯಿಂದ ಇನ್ನೊಂದು ಮಾತು ಹೊರಡುತ್ತಿರಲಿಲ್ಲ.

ಸರಿಯಾಗಿ ಹನ್ನೊಂದಕ್ಕೆ ಫೋನು ಹೊಡೆದುಕೊಳ್ಳುತ್ತಿತ್ತು. ಮೊದಲು ಒಂದು ಗಡಸು ದನಿ, ಇದು ಕಾರಾಗೃಹದಿಂದ ಬಂದ ಕರೆ ಎಂದು ಹೇಳುವುದು. ಆಮೇಲೆ ಅವಳ ತಮ್ಮನ ದನಿ. ನಲವತ್ತೆರಡು ತುಂಬಿದ, ತಲೆ ಅರ್ಧ ನರೆತ ಆ ಗಂಡಸಿಗೆ ಅವಳು ಇವತ್ತಿಗೂ ಕರೆಯುವುದು ಪುಟ್ಟ ಎಂದೇ. ಹತ್ತು ನಿಮಿಷ ಮಾತು. ಏನು ತಿಂದೆ, ಹಲ್ಲುನೋವು ಹೇಗಿದೆ, ಮಗಳ ಪರೀಕ್ಷೆ ಏನಾಯಿತು, ಬೀದಿ ನಾಯಿ ಮತ್ತೆ ಮರಿ ಹಾಕಿದೆಯಂತೆ ಹೌದಾ, ಇಷ್ಟೇ. ಹತ್ತು ನಿಮಿಷ ಮುಗಿದ ಕೂಡಲೇ ಮಾತಿನ ನಡುವೆಯೇ ಕತ್ತರಿ ಬೀಳುತ್ತಿತ್ತು. ಹೀಗೆ ಏಳು ವರ್ಷ ನಡೆದಿತ್ತು, ಇನ್ನೂ ಐದು ವರ್ಷ ನಡೆಯಬೇಕಿತ್ತು.

ಈ ಪುಟ್ಟ ಕೆಟ್ಟವನೇನಲ್ಲ. ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಯಾರೋ ಮೇಲಿನವರ ತಪ್ಪಿಗೆ ಇವನ ಹೆಸರು ಕೆಟ್ಟು ಕೆಲಸ ಹೋಯಿತು. ಕೆಲಸ ಹೋದಮೇಲೆ ಕುಡಿತ ಬಂತು, ಕುಡಿತದ ಹಿಂದೆ ಜಗಳ ಬಂತು. ಒಂದು ದಿನ ಮೆಟ್ಟಿಲ ಮೇಲೆ ನಿಂತು ಒಬ್ಬನನ್ನು ತಳ್ಳಿದ, ಬಿದ್ದವನು ಏಳಲಿಲ್ಲ. ಅಪ್ಪ ಅಮ್ಮ ಹೋಗಿ ಎಷ್ಟೋ ವರ್ಷ, ಅಕ್ಕನ ಗಂಡನೂ ತೀರಿಕೊಂಡಿದ್ದ. ಹೊರಗಿನ ಲೋಕದಲ್ಲಿ ಅವನಿಗೆ ಉಳಿದದ್ದು ಅಕ್ಕ ಮತ್ತು ಅಕ್ಕನ ಮಗಳು. ಮೊದಲ ವರ್ಷ ಅಕ್ಕ ಒಮ್ಮೆ ನೋಡಲು ಹೋಗಿದ್ದಳು. ಗಾಜಿನ ಆಚೆ ಕೂತವನು ಇಪ್ಪತ್ತು ನಿಮಿಷ ತಲೆ ಎತ್ತಲಿಲ್ಲ. ಮಾರನೆಯ ವಾರ ಫೋನಿನಲ್ಲಿ, "ಬರ್ಬೇಡಕ್ಕಾ, ನೀನು ನನ್ನ ಇಲ್ಲಿ ನೋಡಿದ್ರೆ ನಾನು ನೆಟ್ಟಗಿರಲ್ಲ. ಫೋನ್ ಸಾಕು" ಅಂದಿದ್ದ. ಅಂದಿನಿಂದ ಫೋನೇ ಎಲ್ಲ.

ಆ ಫೋನಿಗೂ ಜೈಲಿನವರದು ಒಂದು ಕಟ್ಟುಪಾಡು. ಒಬ್ಬ ಕೈದಿಗೆ ಒಂದೇ ಸಂಖ್ಯೆ. ಅದೂ ವಿಳಾಸ ಗೊತ್ತಿರುವ ಲ್ಯಾಂಡ್‌ಲೈನೇ ಆಗಬೇಕು, ಪುಸ್ತಕದಲ್ಲಿ ಬರೆದಿರಬೇಕು. ನಾಲ್ಕು ವಾರ ಒಂದೇ ಸಮನೆ ಕರೆ ಸೇರಲಿಲ್ಲವೆಂದರೆ ಆ ಸಂಖ್ಯೆಗೆ ಅಡ್ಡಗೀಟು. ಹೊರಗಿನಿಂದ ಕೈದಿಗೆ ಯಾರೂ ಕರೆ ಮಾಡುವಂತಿಲ್ಲ. ಸಂಖ್ಯೆ ಬದಲಾಯಿಸಬೇಕೆಂದರೆ ಕೈದಿಯೇ ಅರ್ಜಿಗೆ ಸಹಿ ಹಾಕಬೇಕು.

ಇನ್ನು ಅಕ್ಕನ ಬದುಕು ಹೇಳಬೇಕೆಂದರೆ ರಟ್ಟು, ದಾರ, ದಬ್ಬಳ ಇಷ್ಟೇ. ಕಚೇರಿಗಳ ಹಾಜರಿ ಪುಸ್ತಕ, ಗ್ರಂಥಾಲಯದ ಹರಿದ ಪುಸ್ತಕ, ಓದುವ ಮಕ್ಕಳ ಪ್ರಬಂಧ, ಎಲ್ಲವೂ ಅವಳ ಕೈಯಲ್ಲಿ ಬೆನ್ನು ಕಟ್ಟಿಸಿಕೊಂಡು ಹೋಗುತ್ತಿದ್ದವು. ಅವಳು ಹೊಲಿದ ಹಾಳೆ ಕಿತ್ತು ಬಂದದ್ದಿಲ್ಲ. ಹೆಬ್ಬೆರಳಿನ ಚರ್ಮ ದಪ್ಪಗಾಗಿ, ಸೂಜಿ ಚುಚ್ಚಿದರೂ ಗೊತ್ತಾಗದಷ್ಟಾಗಿತ್ತು. ಬಾಯಿ ಸ್ವಲ್ಪ ಒರಟು, ಮನಸ್ಸು ಬೆಣ್ಣೆ. ಬಾಯಿ ಒರಟಾದ್ದರಿಂದಲೇ ಆ ಮಂಗಳವಾರ ಎಡವಟ್ಟಾಯಿತು.

ಆ ದಿನ ಸಂಜೆಯೊಳಗೆ ನಲವತ್ತು ರಿಜಿಸ್ಟರ್ ಒಪ್ಪಿಸಬೇಕಿತ್ತು. ಕತ್ತರಿಸುವ ಯಂತ್ರದ ಅಲಗು ಮೊಂಡಾಗಿ ಕೂತಿತ್ತು. ಫೋನು ಬಂತು. ಪುಟ್ಟ, ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಪಕ್ಕದವನು ಗೊರಕೆ ಹೊಡೆಯುತ್ತಾನೆ ಎಂದು ಶುರುಮಾಡಿದ. ಅಕ್ಕನಿಗೆ ರೇಗಿಹೋಯಿತು.

"ನಿನ್ನದೊಂದೇ ಗೋಳಾ ಪುಟ್ಟಾ? ಮಂಗಳವಾರ ಬಂತು ಅಂದ್ರೆ ಗೂಟಕ್ಕೆ ಕಟ್ಟಿದ ಹಸು ಥರ ಇಲ್ಲೇ ಕೂತಿರ್ತೀನಿ. ನನಗೂ ಸಾಕಾಗಿ ಹೋಗಿದೆ ಕಣೋ!"

"ಸರಿ ಅಕ್ಕಾ" ಅಂದ ಪುಟ್ಟ. ಅವಳು ನಾಲಿಗೆ ಕಚ್ಚಿಕೊಂಡು ಏನೋ ಹೇಳಹೊರಟಳು, ಅಷ್ಟರಲ್ಲಿ ಹತ್ತು ನಿಮಿಷ ಮುಗಿದಿತ್ತು. ಇರಲಿ, ಮುಂದಿನ ವಾರ ಮೊದಲು ಅದನ್ನೇ ಹೇಳಿ ಸಮಾಧಾನ ಮಾಡಿದರಾಯಿತು ಅಂದುಕೊಂಡಳು. ಆ ಒಂದು ವಾರ ಅವಳಿಗೆ ಊಟವೂ ಸರಿಯಾಗಿ ಸೇರಲಿಲ್ಲ.

ಮುಂದಿನ ಮಂಗಳವಾರ ಹತ್ತೂವರೆಗೇ ಸ್ಟೂಲಿನ ಮೇಲೆ ಕೂತಳು. ಹನ್ನೊಂದಾಯಿತು, ಹನ್ನೊಂದೂ ಐದಾಯಿತು, ಫೋನು ಹೊಡೆದುಕೊಳ್ಳಲಿಲ್ಲ. ರಿಸೀವರ್ ಎತ್ತಿ ಕಿವಿಗಿಟ್ಟರೆ ಗುಂಯ್ ಎನ್ನುವ ಸದ್ದೂ ಇಲ್ಲ. ತಂತಿ ಅಲ್ಲಾಡಿಸಿದಳು, ಊದಿದಳು, ತಟ್ಟಿದಳು, ಬೈದಳು. ಸತ್ತ ಫೋನು ಸತ್ತೇ ಇತ್ತು.

ಮೊಬೈಲಿನಿಂದ ಕಂಪನಿಗೆ ಕರೆ ಮಾಡಿದಳು. ನಿಮ್ಮ ಕರೆ ನಮಗೆ ಅತ್ಯಮೂಲ್ಯ ಎಂದು ಯಂತ್ರದೊಳಗಿನ ಹೆಣ್ಣುದನಿ ಮೂವತ್ತೆಂಟು ನಿಮಿಷ ಹೇಳಿತು. ಅಲ್ಲ ಸ್ವಾಮಿ, ಅಮೂಲ್ಯವಾದದ್ದನ್ನು ಯಾರಾದರೂ ಮೂವತ್ತೆಂಟು ನಿಮಿಷ ಬಾಗಿಲಾಚೆ ನಿಲ್ಲಿಸುತ್ತಾರೆಯೇ? ಕೊನೆಗೆ ಒಬ್ಬಳು ಜೀವಂತ ಹುಡುಗಿ ಸಿಕ್ಕಳು.

"ಡಬ್ಬಿ ಮೇಲೆ ಹಸಿರು ದೀಪ ಉರೀತಿದೆಯಾ ಮೇಡಂ?"

"ಯಾವ ಡಬ್ಬಿ?"

"ಇಂಟರ್ನೆಟ್ ಡಬ್ಬಿ, ಮೇಡಂ."

"ನನ್ನ ಹತ್ರ ಇಂಟರ್ನೆಟ್ಟೇ ಇಲ್ಲಮ್ಮಾ. ಬರೀ ಫೋನು."

"ಸರಿ ಮೇಡಂ. ಹಾಗಿದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಏನನ್ನ?"

"ಡಬ್ಬೀನ, ಮೇಡಂ."

ಬೇಕಾದಷ್ಟು ಹೇಳಿದ ಮೇಲೆ ಆ ಹುಡುಗಿಗೆ ಅರ್ಥವಾಯಿತು. ಆದರೆ ಯಾವ ಸಂಖ್ಯೆಯ ಮೇಲೆ ದೂರೋ ಆ ಸಂಖ್ಯೆಯಿಂದಲೇ ಕರೆ ಮಾಡಬೇಕು, ಇಲ್ಲದಿದ್ದರೆ ಸಿಸ್ಟಂ ತೆಗೆದುಕೊಳ್ಳುವುದಿಲ್ಲ ಅಂದಳು. "ಅದು ಸತ್ತಿದೆ ಅಂತ ತಾನೇ ತಾಯಿ ನಾನು ದೂರು ಕೊಡ್ತಿರೋದು!" ಎಂದು ಅಕ್ಕ ಕೂಗಿದ್ದು ಕೆಳಗಿನ ಬೀದಿಗೂ ಕೇಳಿಸಿತು. ಹುಡುಗಿ ಹೆದರಿದಳೋ ಕರಗಿದಳೋ, ಅಂತೂ ದೂರು ಬರೆದುಕೊಂಡಳು. ಹನ್ನೆರಡು ಅಂಕಿಯ ಒಂದು ಸಂಖ್ಯೆ ಕೊಟ್ಟಳು. ಅಕ್ಕ ಅದನ್ನು ರಟ್ಟಿನ ಚೂರಿನ ಮೇಲೆ ಬರೆದು ಗೋಡೆಗೆ ಸಿಕ್ಕಿಸಿದಳು. ಜೀವಮಾನದಲ್ಲಿ ಸಾವಿರ ದೂರು ಪುಸ್ತಕಕ್ಕೆ ರಟ್ಟು ಕಟ್ಟಿದ್ದವಳು ಅವಳು, ತನ್ನ ಸ್ವಂತ ದೂರು ಬರೆಸಿದ್ದು ಅದೇ ಮೊದಲು.

ಗುರುವಾರ ಲೈನ್‌ಮನ್ ಬಂದ. ಸಣಕಲು ಮೈ, ಹೆಗಲಿಗೆ ಚೀಲ, ಮಾತು ಮೆದು. ಕಂಬದಿಂದ ಕಂಬಕ್ಕೆ ಓಡಾಡಿ ನೋಡಿ ಬಂದು ಹೇಳಿದ, "ತಿರುವಿನಲ್ಲಿ ಚರಂಡಿಗೆ ಅಂತ ಅಗೆದಿದ್ದಾರಲ್ಲ ಅಕ್ಕಾ, ಅಲ್ಲಿ ಕೇಬಲ್ ತುಂಡಾಗಿದೆ. ಸ್ಟೋರಿಂದ ತುಂಡು ಕೇಬಲ್ ತಂದು ಜೋಡಿಸ್ಬೇಕು. ನಾಳೆ ಬೆಳಿಗ್ಗೆ ಬಂದ ತಕ್ಷಣ ಮೊದಲು ನಿಮ್ಮದೇ."

"ನಾಳೆ ಗ್ಯಾರಂಟೀನಾ?"

"ಗ್ಯಾರಂಟಿ. ಈಗ ನಿಮ್ಮ ಮೊಬೈಲಿಗೆ ಆರಂಕಿ ಕೋಡ್ ಬಂದಿರುತ್ತೆ, ಅದನ್ನ ಹೇಳಿ."

ಮಗಳು ಕಾಲೇಜಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದವಳು ಅಲ್ಲೇ ನಿಂತಳು. "ಅಮ್ಮಾ, ಕೊಡ್ಬೇಡ. ಆ ಕೋಡ್ ಕೊಟ್ರೆ ಕೆಲಸ ಮುಗೀತು ಅಂತ ಅರ್ಥ. ರಿಪೇರಿ ಆದ್ಮೇಲೆ ಕೊಡು."

ಲೈನ್‌ಮನ್ ಮುಖ ಸಣ್ಣದಾಯಿತು. "ಹೌದಮ್ಮ, ನೀನು ಹೇಳೋದು ಸರಿ. ಆದ್ರೆ ಸಂಜೆ ಆರರೊಳಗೆ ದೂರು ಮುಗೀಲಿಲ್ಲ ಅಂದ್ರೆ ನನ್ನ ಹೆಸರಿಗೆ ಕೆಂಪು ಗೀಟು ಬೀಳುತ್ತೆ. ಈ ತಿಂಗಳು ಆಗಲೇ ಎರಡು ಬಿದ್ದಿವೆ. ಮೂರಾದ್ರೆ ಮನೆಗೆ ಕಳಿಸ್ತಾರೆ. ಕೇಬಲ್ ಅವರೇ ಕೊಡಲ್ಲ, ಗೀಟು ಮಾತ್ರ ನನಗೆ ಹಾಕ್ತಾರೆ."

ಮೇಲಿನವರ ತಪ್ಪಿಗೆ ಕೆಲಸ ಕಳೆದುಕೊಂಡ ಗಂಡಸು ಏನಾಗಿ ಹೋಗುತ್ತಾನೆಂಬುದನ್ನು ಅಕ್ಕ ಸ್ವಂತ ಮನೆಯಲ್ಲೇ ಕಂಡಿದ್ದಳು. ಮಗಳು ಕಣ್ಣು ಕೆಕ್ಕರಿಸಿ ನೋಡುತ್ತಿದ್ದಂತೆಯೇ ಆರೂ ಅಂಕಿಯನ್ನು ಓದಿ ಹೇಳಿಬಿಟ್ಟಳು. ಅವನು ಮೆಟ್ಟಿಲಿಳಿಯುವ ಮೊದಲೇ ಮೊಬೈಲು ಟಿಣ್ ಅಂದಿತು. ನಿಮ್ಮ ದೂರನ್ನು ತೃಪ್ತಿಕರವಾಗಿ ಬಗೆಹರಿಸಲಾಗಿದೆ, ನಮಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿತ್ತು.

"ಕೊಡು ಮತ್ತೆ, ನಕ್ಷತ್ರ ಒಂದು ಯಾಕೆ ಬಾಕಿ" ಎಂದು ಮಗಳು ಸಿಡುಕಿಕೊಂಡು ಹೋದಳು.

ಶುಕ್ರವಾರ ಲೈನ್‌ಮನ್ ಬಂದದ್ದು ನಿಜ. ಪಾಪ, ಮಾತಿಗೆ ತಪ್ಪಲಿಲ್ಲ. ಆದರೆ ಬರಿಗೈಯಲ್ಲಿ ಬಂದ. ದೂರೇ ಇಲ್ಲದ ಲೈನಿಗೆ ಸ್ಟೋರಿನವರು ಕೇಬಲ್ ಕೊಡುವುದಿಲ್ಲವಂತೆ. ಕಂಪ್ಯೂಟರಿನಲ್ಲಿ ನೋಡಿದರೆ ಈ ಫೋನು ಚೆನ್ನಾಗಿದೆ. "ನೀವು ಇನ್ನೊಂದು ದೂರು ಕೊಡಿ ಅಕ್ಕಾ, ನಾನು ಓಡಿ ಬರ್ತೀನಿ" ಅಂದ. ಅಕ್ಕ ಮತ್ತೆ ಕರೆ ಮಾಡಿದಳು. ಗ್ರಾಹಕರು ತೃಪ್ತಿ ಸೂಚಿಸಿದ ಮೇಲೆ ಹದಿನೈದು ದಿನ ಅದೇ ದೂರು ಎರಡನೆಯ ಸಲ ಕೊಡುವಂತಿಲ್ಲ ಅಂದರು. "ನಾನು ತೃಪ್ತಿ ಸೂಚಿಸಿಲ್ಲ ಕಣಪ್ಪಾ, ಒಬ್ಬನ ಕೆಲಸ ಉಳಿಸೋಕೆ ಕೋಡ್ ಕೊಟ್ಟೆ" ಅಂದಳು. ಹಾಗೆ ಹೇಳಿದರೆ ಆ ಲೈನ್‌ಮನ್ ಮೇಲೆ ಕ್ರಮ ಜರುಗಿಸುತ್ತೇವೆ, ಬರೆದುಕೊಳ್ಳಲೇ ಮೇಡಂ ಎಂದು ಆ ಕಡೆಯವನು ಕೇಳಿದ. ಅಕ್ಕ ಬೇಡ ಅಂದಳು. ಇದಕ್ಕೆ ಬೆಪ್ಪುತನ ಅನ್ನುತ್ತೀರೋ ಇನ್ನೇನು ಅನ್ನುತ್ತೀರೋ ನಿಮಗೆ ಬಿಟ್ಟಿದ್ದು.

ಕರೆಯಿಲ್ಲದೆ ಎರಡನೆಯ ಮಂಗಳವಾರ ಹೋಯಿತು. ಬುಧವಾರ ಅಂಗಡಿಗೆ ಬೀಗ ಹಾಕಿ, ಎರಡು ಬಸ್ಸು ಬದಲಿಸಿ ಕಂಪನಿಯ ಕಚೇರಿಗೇ ಹೋದಳು. ಹೋದರೆ ಗಾಜಿನ ಬಾಗಿಲು ಮುಚ್ಚಿದೆ, ಒಳಗೆ ಮೇಜು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ, ನಿಮಗೆ ಇನ್ನೂ ಉತ್ತಮ ಸೇವೆ ನೀಡುವ ಸಲುವಾಗಿ ಈ ಕೌಂಟರನ್ನು ಮುಚ್ಚಲಾಗಿದೆ ಎಂದು ಬರೆದು, ಕೆಳಗೆ ಅದೇ ಮೂವತ್ತೆಂಟು ನಿಮಿಷದ ಸಂಖ್ಯೆ ಕೊಟ್ಟಿದ್ದರು. ಎದುರಿನ ಮೆಟ್ಟಿಲ ಮೇಲೆ ಕೂತು ಅಕ್ಕ ಅತ್ತಳು. ಹೋಗುವವರು ಬರುವವರು ನೋಡುತ್ತಿದ್ದಾರೆಂಬ ಪರಿವೆಯೂ ಇರಲಿಲ್ಲ. ಜೈಲಿನ ಕಚೇರಿಗೂ ಅಲ್ಲಿಂದಲೇ ಕರೆ ಮಾಡಿ, ಫೋನು ಕೆಟ್ಟಿದೆ ಎಂದು ನನ್ನ ತಮ್ಮನಿಗೆ ಒಂದು ಮಾತು ತಿಳಿಸಿ ಎಂದು ಬೇಡಿಕೊಂಡಳು. ನಾವು ಕೈದಿಗಳಿಗೆ ಸುದ್ದಿ ಮುಟ್ಟಿಸುವ ಕೆಲಸ ಮಾಡುವುದಿಲ್ಲಮ್ಮಾ, ಕಾಗದ ಹಾಕಿದರೂ ತಪಾಸಣೆಯಾಗಿ ಒಳಗೆ ಸೇರಲು ತಿಂಗಳು ಬೇಕು ಎಂದು ಅಲ್ಲಿನ ಗುಮಾಸ್ತ ಫೋನಿಟ್ಟ.

ಮೂರನೆಯ ಮಂಗಳವಾರವೂ ಹೋಯಿತು. ಅಕ್ಕ ಬಾಲ ಸುಟ್ಟ ಬೆಕ್ಕಿನ ಹಾಗೆ ಅಂಗಡಿಯೊಳಗೆ ಓಡಾಡಿದಳು. ಒಂದು ಪುಸ್ತಕದ ಹಾಳೆಗಳನ್ನು ತಲೆಕೆಳಗಾಗಿ ಹೊಲಿದಳು. ಮೂವತ್ತು ವರ್ಷದಲ್ಲಿ ಅಂಥ ತಪ್ಪು ಅವಳ ಕೈಯಿಂದ ಆಗಿರಲಿಲ್ಲ. ಇನ್ನೊಂದೇ ವಾರ, ಆಮೇಲೆ ಜೈಲಿನ ಪುಸ್ತಕದಲ್ಲಿ ಅಡ್ಡಗೀಟು.

ಹದಿನೈದು ದಿನ ತುಂಬಿದ ಕೂಡಲೇ ಮತ್ತೆ ದೂರು ಕೊಟ್ಟಳು. ಸೋಮವಾರ ಕಂಪನಿಯಿಂದಲೇ ಫೋನು ಬಂತು. ಅರಳು ಹುರಿದ ಹಾಗೆ ಮಾತಾಡುವ ಒಬ್ಬ, ನಿಮ್ಮದು ಹಳೆಯ ತಾಮ್ರದ ತಂತಿ ಮೇಡಂ, ಅದಕ್ಕೇ ಈ ತೊಂದರೆ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹೊಸ ಲೈನು ಹಾಕಿಕೊಡುತ್ತೇವೆ, ಹನ್ನೊಂದರೊಳಗೆ ಮಾತಾಡಬಹುದು ಅಂದ.

"ನಂಬರು ಅದೇ ಇರುತ್ತೆ ತಾನೇ?"

"ಏನೂ ತೊಂದರೆ ಆಗಲ್ಲ ಮೇಡಂ."

"ಅದಲ್ಲಪ್ಪಾ, ನಂಬರು ಬದಲಾಗಲ್ಲ ತಾನೇ?"

"ನಿಶ್ಚಿಂತೆಯಾಗಿರಿ ಮೇಡಂ."

ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ, ಮೂಗಿಗೆ ತುಪ್ಪ ಸವರಿ ಫೋನಿಟ್ಟ. ಅಕ್ಕನಿಗೆ ಅಷ್ಟೇ ಸಾಕಾಗಿತ್ತು. ಆ ಸಂಜೆ ಮಗಳೊಡನೆ ತಿಂಗಳ ನಂತರ ನಕ್ಕು ಮಾತಾಡಿದಳು.

ಮಂಗಳವಾರ ಒಂಬತ್ತಕ್ಕೆ ಅದೇ ಲೈನ್‌ಮನ್ ಬಿಳಿಯ ಡಬ್ಬಿಯೊಂದನ್ನು ಹಿಡಿದು ಬಂದ. ಗೋಡೆ ಕೊರೆದ, ತಂತಿ ಎಳೆದ, ಏಣಿ ಹತ್ತಿದ, ಇಳಿದ. ಹತ್ತೂ ಇಪ್ಪತ್ತಕ್ಕೆ ಡಬ್ಬಿಯ ಮೇಲೆ ಹಸಿರು ದೀಪ ಹತ್ತಿತು. ಅಕ್ಕ ರಿಸೀವರ್ ಎತ್ತಿದಳು. ಗುಂಯ್ ಎಂದು ಸದ್ದು ಬಂತು ನೋಡಿ, ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪಾ" ಎಂದು ಲೈನ್‌ಮನ್ ಬೆನ್ನು ತಟ್ಟಿದಳು. ಅವನೂ ನಕ್ಕ. "ಈಗ ಧೈರ್ಯವಾಗಿ ಕೋಡ್ ಕೊಡಿ ಅಕ್ಕಾ, ಕೆಲಸ ಮುಗಿದಿದೆ." ಮೊಬೈಲಿನಲ್ಲಿ ಉದ್ದನೆಯ ಸಂದೇಶ ಬಂದಿತ್ತು, ಕೊನೆಯಲ್ಲಿ ಆರು ಅಂಕಿ. ಮೇಲಿನದನ್ನು ಯಾರು ಓದುತ್ತಾರೆ? ಅಂಕಿಗಳನ್ನು ಓದಿ ಹೇಳಿದಳು.

ಹನ್ನೊಂದಾಯಿತು. ಫೋನು ಸುಮ್ಮನಿತ್ತು. ಹನ್ನೊಂದೂ ಎರಡು, ಹನ್ನೊಂದೂ ನಾಲ್ಕು. ರಿಸೀವರ್ ಎತ್ತಿದರೆ ಸದ್ದು ಇದೆ, ಆದರೆ ಫೋನು ಹೊಡೆದುಕೊಳ್ಳುತ್ತಿಲ್ಲ. ಏಣಿ ಮಡಚುತ್ತಿದ್ದ ಲೈನ್‌ಮನ್, "ನಿಮ್ಮ ಮೊಬೈಲಿಂದ ನೀವೇ ಒಂದ್ಸಲ ಮಾಡಿ ನೋಡಿ" ಅಂದ. ಅಕ್ಕ ಇಪ್ಪತ್ತು ವರ್ಷದಿಂದ ಬಾಯಿಪಾಠವಾಗಿದ್ದ ಸಂಖ್ಯೆಯನ್ನು ಒತ್ತಿದಳು. ಒಂದು ಹೆಣ್ಣುದನಿ, ಸ್ಪಷ್ಟವಾಗಿ, ನಯವಾಗಿ ಹೇಳಿತು: "ಗ್ರಾಹಕರ ಕೋರಿಕೆಯ ಮೇರೆಗೆ ಈ ಸಂಖ್ಯೆಯನ್ನು ಶಾಶ್ವತವಾಗಿ ಕಡಿತಗೊಳಿಸಲಾಗಿದೆ."

ಆಗ ಗಡಿಯಾರದಲ್ಲಿ ಹನ್ನೊಂದೂ ಆರು. ಅದೇ ಮಾತನ್ನು ಅಷ್ಟೊತ್ತಿಗಾಗಲೇ ಇನ್ನೊಬ್ಬನೂ ಕೇಳಿಸಿಕೊಂಡಾಗಿತ್ತು.

ಲೈನ್‌ಮನ್ ಮೊಬೈಲು ಕೇಳಿ ತೆಗೆದುಕೊಂಡು ಆ ಉದ್ದನೆಯ ಸಂದೇಶವನ್ನು ಓದಿದ. ಈ ಕೋಡ್ ನೀಡುವ ಮೂಲಕ ತಾವು ಹಳೆಯ ಸಂಖ್ಯೆಯನ್ನು ಒಪ್ಪಿಸಿ ಹೊಸ ಸಂಖ್ಯೆ ಪಡೆಯಲು ಸಮ್ಮತಿಸಿದ್ದೀರಿ ಎಂದಿತ್ತು. "ನನಗೂ ಗೊತ್ತಿರಲಿಲ್ಲ ಅಕ್ಕಾ, ದೇವರಾಣೆಗೂ ಗೊತ್ತಿರಲಿಲ್ಲ" ಎಂದು ಒಂದೇ ಸಮನೆ ಹೇಳಿದ. ಅವನಿಗೆ ಗೊತ್ತಿರಲಿಲ್ಲ ಎನ್ನುವುದು ನಿಜವೇ. ನಿಜವಾದರೆ ಏನು ಬಂತು?

ಆಮೇಲೆ ಕಂಪನಿಯವರೊಡನೆ ನಡೆದದ್ದನ್ನೆಲ್ಲ ಹೇಳುತ್ತ ಕೂತರೆ ನಿಮಗೂ ತಲೆ ಕೆಡುತ್ತದೆ. ಒಪ್ಪಿಸಿದ ಸಂಖ್ಯೆ ವಾಪಸು ಬರುವುದಿಲ್ಲ ಮೇಡಂ. ನೀವೇ ಕೋಡ್ ಕೊಟ್ಟಿದ್ದೀರಿ ಮೇಡಂ. ನಿಮ್ಮ ಹೊಸ ಲೈನು ಚೆನ್ನಾಗಿದೆಯಲ್ಲ ಮೇಡಂ, ಮತ್ತೆ ದೂರು ಯಾವುದರ ಬಗ್ಗೆ? ಹನ್ನೊಂದು ಜನ ಹನ್ನೊಂದು ಸಲ ಇದನ್ನೇ ಹೇಳಿದರು. ಒಬ್ಬರೂ ಗಟ್ಟಿಯಾಗಿ ಮಾತಾಡಲಿಲ್ಲ, ಒಬ್ಬರೂ ಬೈಯಲಿಲ್ಲ. ಯಾರಾದರೂ ಒಬ್ಬ ಎದುರು ನಿಂತು ಬೈದಿದ್ದರೆ ಅಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ತಮ್ಮನಿಗೆ ನಾಲ್ಕು ಪುಟದ ಕಾಗದ ಬರೆದಳು. ಚರಂಡಿ, ಕೇಬಲ್, ಕೋಡ್, ಹದಿನೈದು ದಿನ, ಬಿಳಿಯ ಡಬ್ಬಿ, ಎಲ್ಲವನ್ನೂ ಬಿಡಿಸಿ ಬರೆದು, ದೂರುಗಳ ಸಂಖ್ಯೆಯನ್ನೂ ಒಂದರ ಕೆಳಗೊಂದು ಬರೆದಳು. ಉತ್ತರ ಬರಲಿಲ್ಲ. ಭೇಟಿಗೆ ಅರ್ಜಿ ಹಾಕಿದಳು. ಕೈದಿ ಒಪ್ಪಿದರೆ ಮಾತ್ರ ಭೇಟಿ. ಐದು ವಾರ ಕಳೆದ ಮೇಲೆ, ಕೈದಿ ಒಪ್ಪಿದ್ದಾನೆ, ಹದಿನೈದು ನಿಮಿಷ ಎಂದು ಚೀಟಿ ಬಂತು.

ಜೈಲಿನ ಗುಮಾಸ್ತ ಹೊಸ ಸಂಖ್ಯೆಯ ಅರ್ಜಿಯನ್ನು ತುಂಬಿಸಿಕೊಂಡ. "ಇದನ್ನ ಒಳಗೆ ಅವನ ಮುಂದೆ ಇಡ್ತೀವಿ. ಅವನು ಸೈನ್ ಮಾಡಿದ್ರೆ ಮುಂದಿನ ಮಂಗಳವಾರದಿಂದ್ಲೇ ಶುರು. ಮಾಡಲ್ಲ ಅಂದ್ರೆ ನಾವು ಬಲವಂತ ಮಾಡೋ ಹಾಗಿಲ್ಲ" ಅಂದ. ಯಾಕೆ ಮಾಡುವುದಿಲ್ಲ, ಮಾಡೇ ಮಾಡುತ್ತಾನೆ ಎಂದುಕೊಂಡು ಅಕ್ಕ ಒಳಗೆ ಹೋದಳು.

ದಪ್ಪ ಗಾಜು, ಈ ಕಡೆ ಒಂದು ರಿಸೀವರ್, ಆ ಕಡೆ ಒಂದು. ಪುಟ್ಟ ಬಂದು ಕೂತ. ಕೆನ್ನೆ ಒಳಗೆ ಹೋಗಿತ್ತು. ಈ ಸಲ ತಲೆ ತಗ್ಗಿಸಲಿಲ್ಲ, ಅವಳನ್ನೇ ನೋಡಿದ. ಅವನ ಮುಂದೆ ಅರ್ಜಿ, ಅರ್ಜಿಯ ಮೇಲೆ ಪೆನ್ನು.

"ಕಾಗದ ಬಂತೇನೋ?"

"ಬಂತಕ್ಕಾ. ಎರಡು ಸಲ ಓದಿದೆ."

"ಮತ್ತೆ ಒಂದು ಸಾಲು ಬರೆಯೋದಲ್ವಾ?"

"ಏನಂತ ಬರೀಲಿ?"

ಅಕ್ಕ ಮೊದಲಿನಿಂದ ಶುರುಮಾಡಿದಳು. ಚರಂಡಿ ಅಗೆದದ್ದು, ಲೈನ್‌ಮನ್‌ಗೆ ಕೆಂಪು ಗೀಟು ಬೀಳುತ್ತಿದ್ದದ್ದು, ಕೋಡ್ ಕೊಟ್ಟದ್ದು. ಹೇಳುತ್ತ ಹೇಳುತ್ತ ಅವಳ ಕಿವಿಗೇ ಅದು ಕಟ್ಟಿದ ಕಥೆಯ ಹಾಗೆ ಕೇಳಿಸತೊಡಗಿತು. ಅದಕ್ಕೇ ದನಿ ಏರಿಸಿದಳು. ಪುಟ್ಟ, ಹಟ ಮಾಡುವ ಮಗುವಿನ ಮಾತು ಕೇಳುವವನಂತೆ ತಲೆಯಾಡಿಸುತ್ತ ಕೂತಿದ್ದ.

"ಅಕ್ಕಾ," ಎಂದ ಕೊನೆಗೆ. "ಇಲ್ಲಿ ನನ್ನ ಜೊತೆ ಮುನ್ನೂರು ಜನ ಇದ್ದಾರೆ. ಎಲ್ಲರ ಮನೆ ಫೋನೂ ಒಂದಲ್ಲ ಒಂದಿನ ಕೆಡುತ್ತೆ. ಮೊದಲು ತಂತಿ ಕಟ್ಟಾಗುತ್ತೆ. ಆಮೇಲೆ ರಿಪೇರಿಯೋನು ಬರಲ್ಲ. ಆಮೇಲೆ ನಂಬರೇ ಬದಲಾಗುತ್ತೆ. ನಮಗೆಲ್ಲ ಬಾಯಿಪಾಠ ಆಗಿದೆ. ಯಾರೂ ಬೇಜಾರು ಮಾಡ್ಕೊಳ್ಳಲ್ಲ."

"ಅಯ್ಯೋ, ಅವರ ಮನೆಯವರ ಕಥೆ ನನಗೆ ಗೊತ್ತಿಲ್ಲ ಕಣೋ. ನಂದು ನಿಜವಾಗ್ಲೂ ಕೆಟ್ಟಿತ್ತು!"

"ಆ ಹೆಂಗಸು ಸ್ಪಷ್ಟವಾಗಿ ಹೇಳಿದ್ಳಲ್ಲಕ್ಕಾ, ಗ್ರಾಹಕರ ಕೋರಿಕೆ ಅಂತ."

"ಅದು ಯಂತ್ರ ಪುಟ್ಟಾ!"

"ಯಂತ್ರಕ್ಕೆ ನನ್ನ ಮೇಲೇನು ದ್ವೇಷ? ಅದ್ಯಾಕೆ ಸುಳ್ಳು ಹೇಳುತ್ತೆ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಿನಗೆ ಸಾಕಾಗಿತ್ತು. ನೀನೇ ಹೇಳಿದ್ದೆ. ಯಾರಿಗಾದ್ರೂ ಸಾಕಾಗುತ್ತೆ. ಫೋನ್ ಕಡಿಸಿದ್ದಕ್ಕೆ ನಂಗೆ ಬೇಜಾರಿಲ್ಲ. ನೀನು ಯಾವತ್ತೂ ನನ್ನ ಹತ್ರ ಸುಳ್ಳು ಹೇಳಿದವಳಲ್ಲ, ಈಗ ನಾಲ್ಕು ಪುಟ ಹೇಳಿದೆಯಲ್ಲ, ಅದಕ್ಕೆ ಬೇಜಾರು."

ಅಕ್ಕ ಗಾಜಿನ ಮೇಲೆ ಕೈಯಿಟ್ಟಳು. ಗೋಡೆಯ ಗಡಿಯಾರದಲ್ಲಿ ಇನ್ನೂ ಆರು ನಿಮಿಷ ಉಳಿದಿತ್ತು. ಆಣೆ ಇಟ್ಟಳು, ಮಗಳ ಮೇಲೆ ಆಣೆ ಇಟ್ಟಳು. ಅವನು ಮುಖ ತಿರುಗಿಸಿ ಕಾವಲುಗಾರನ ಕಡೆ ನೋಡತೊಡಗಿದ. ಇನ್ನೊಂದು ಮಾತಾಡಿದರೆ ಎದ್ದೇ ಹೋಗುತ್ತಾನೆ ಎಂದು ಅವಳಿಗೆ ಅನ್ನಿಸಿತು. ಸಹಿಯೊಂದು ಬಿದ್ದರೆ ಸಾಕು, ಮುಂದಿನ ಮಂಗಳವಾರ ಫೋನು ಬಂದರೆ ಸಾಕು, ಇನ್ನು ಐದು ವರ್ಷದಲ್ಲಿ ನಿಧಾನವಾಗಿ ನಿಜ ಹೇಳಿ ನಂಬಿಸಬಹುದು. ನಿಜ ಹೇಳಿದರೆ ಸುಳ್ಳು ಅನ್ನುತ್ತಾನೆ, ಹಾಗಿದ್ದರೆ ಸುಳ್ಳನ್ನೇ ಹೇಳಿದರಾಯಿತು.

"ಆಯ್ತು ಪುಟ್ಟಾ," ಅಂದಳು. "ನಾನೇ ಕಡಿಸಿದ್ದು. ಅವತ್ತು ಸಿಟ್ಟು ಬಂದಿತ್ತು, ಕಡಿಸಿಬಿಟ್ಟೆ. ತಪ್ಪಾಯ್ತು ಕಣೋ. ಈಗ ನಿನಗೋಸ್ಕರ ಹೊಸದು ಹಾಕಿಸಿದೀನಿ. ಸೈನ್ ಮಾಡು."

ಪುಟ್ಟನ ಮುಖ ಸಡಿಲವಾಯಿತು. ದೊಡ್ಡದೊಂದು ಉಸಿರು ಬಿಟ್ಟು, ಎಷ್ಟೋ ದಿನದ ಮೇಲೆ ಎಂಬಂತೆ ಸಣ್ಣಗೆ ನಕ್ಕ. "ಅಷ್ಟೇ ಅಕ್ಕಾ. ಇದೊಂದು ಮಾತು ನಿನ್ನ ಬಾಯಿಂದ ಕೇಳ್ಬೇಕಿತ್ತು. ಅದಕ್ಕೇ ಭೇಟಿಗೆ ಒಪ್ಪಿದೆ." ಪೆನ್ನು ಕೈಗೆತ್ತಿಕೊಂಡ. ಅವನು ಪೆನ್ನಿನ ಮುಚ್ಚಳ ಹಾಕಿ, ಅರ್ಜಿಯ ಜೊತೆ ಅದನ್ನು ಕಾವಲುಗಾರನ ಕಡೆಗೆ ಸರಿಸಿದ. ಸಹಿಯ ಜಾಗ ಖಾಲಿ ಇತ್ತು.

"ನೀನು ಮಾಡಿದ್ದೇ ಸರಿ," ಅಂದ. "ಇನ್ನೂ ಐದು ವರ್ಷ ನನ್ನ ಸಲುವಾಗಿ ಅಲ್ಲಿ ಕೂತು ಕಾಯ್ಬೇಡ. ಹೊಸ ಫೋನಲ್ಲಿ ಒಳ್ಳೇ ಸುದ್ದಿ ಬರ್ಲಿ. ಮಗಳನ್ನ ಚೆನ್ನಾಗಿ ನೋಡ್ಕೋ. ಮತ್ತೆ ಅರ್ಜಿ ಹಾಕ್ಬೇಡಕ್ಕಾ, ಹಾಕಿದ್ರೂ ನಾನು ಒಪ್ಪಲ್ಲ." ಹೀಗೆಂದು ರಿಸೀವರನ್ನು ಮೆಲ್ಲಗೆ ಕೊಕ್ಕೆಗೆ ಸಿಕ್ಕಿಸಿ ಎದ್ದ.

"ಸುಳ್ಳು ಹೇಳಿದೆ ಪುಟ್ಟಾ! ಈಗ ಹೇಳಿದ್ದು ಸುಳ್ಳು ಕಣೋ! ನಾನು ಕಡಿಸ್ಲಿಲ್ಲ, ನಾನು ಕಡಿಸ್ಲಿಲ್ಲ!" ಅಕ್ಕ ತನ್ನ ರಿಸೀವರಿಗೆ ಬಾಯಿ ಒತ್ತಿ ಕೂಗಿದಳು. ಆ ಕಡೆಯದು ಇಟ್ಟಾಗಿತ್ತು. ದಪ್ಪ ಗಾಜಿನ ಆಚೆ ನಿಂತವನಿಗೆ ಅವಳ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಹೋಗಿ ಬಾ ಅನ್ನುತ್ತಿದ್ದಾಳೆ ಎಂದುಕೊಂಡ ಪುಟ್ಟ ಅವಳತ್ತ ಕೈ ಎತ್ತಿದ, ನಕ್ಕ, ಒಳಗೆ ಹೋದ.